ಮೊದಲು ಗೋಡೆ ಅಳೆಯಿರಿ, ಆಮೇಲೆ ಫೋಟೊ ಕೇಳಿ: ಕಾಲೇಜಿನಲ್ಲಿ ಛಾಯಾಚಿತ್ರ ಪ್ರದರ್ಶನ ಮಾಡುವವರಿಗೆ

ಮೊದಲ ವರ್ಷ ನಾವು ಎಲ್ಲವನ್ನೂ ತಲೆಕೆಳಗೆ ಮಾಡಿದೆವು. ಮೊದಲು ಫೋಟೊ ಕಳಿಸಿ ಅಂದೆವು. ಎರಡೇ ದಿನದಲ್ಲಿ ವಾಟ್ಸಾಪ್ ಗುಂಪಿಗೆ ನೂರಾರು ಫೋಟೊ ಬಂದು ಬಿದ್ದವು. ಯಾರಿಗೂ ಬೇಜಾರಾಗಬಾರದು ಅಂತ 110 ಆರಿಸಿ ಪ್ರಿಂಟ್ ಹಾಕಿಸಿದೆವು. ಹಿಂದಿನ ದಿನ ಸಂಜೆ ಹಾಲ್‌ನಲ್ಲಿ ನಿಂತು ನೋಡಿದರೆ ಗೋಡೆಯೇ ಸಾಲದು. ಸಂತೆಯಲ್ಲಿ ಬಟ್ಟೆ ಹರವಿದ ಹಾಗೆ ಒತ್ತೊತ್ತಾಗಿ ಅಂಟಿಸಿದೆವು. ಮಿಕ್ಕಿದ್ದನ್ನು ಹೊರಗಿನ ಕಾರಿಡಾರ್‌ನಲ್ಲಿ ಪ್ಯಾನೆಲ್ ನಿಲ್ಲಿಸಿ ಹಾಕಿದೆವು. ದುರ್ಗದ ಗಾಳಿ ಗೊತ್ತಲ್ಲ. ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನೆಟ್ಟಿಲ್ಲ. ಬೆಳಿಗ್ಗೆ ಬಂದು ನೋಡಿದರೆ ನಾಲ್ಕು ಪ್ಯಾನೆಲ್ ಒಂದರ ಮೇಲೊಂದು ಮಲಗಿದ್ದವು.

ನಾನು ಚಿತ್ರದುರ್ಗದ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಛಾಯಾಚಿತ್ರ ನನ್ನ ವಿಷಯವಲ್ಲ. ಸ್ಟಾಫ್ ಮೀಟಿಂಗ್‌ಗಳಲ್ಲಿ ಮೊಬೈಲ್ ಹಿಡಿದು ಫೋಟೊ ತೆಗೆಯುವವನು ನಾನೊಬ್ಬನೇ ಅನ್ನುವ ಕಾರಣಕ್ಕೆ ಫೋಟೊ ಕ್ಲಬ್ ನನ್ನ ಕೊರಳಿಗೆ ಬಿತ್ತು. ಹಾಗಾಗಿ ಇಲ್ಲಿ ಕಲೆಯ ಬಗ್ಗೆ ಹೆಚ್ಚೇನೂ ಇಲ್ಲ. ಟೇಪು, ಪ್ರಿಂಟು, ಮೊಳೆ, ಲೆಕ್ಕ ಇವೇ ಜಾಸ್ತಿ. ಎರಡನೇ ವರ್ಷ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಿದೆವೋ ಅದೇ ಕ್ರಮದಲ್ಲಿ ಬರೆದಿದ್ದೇನೆ. ಒಟ್ಟು ಎಂಟು ವಾರ ಇಟ್ಟುಕೊಳ್ಳಿ.

1. ಗೋಡೆ ಅಳೆಯಿರಿ

ಟೇಪು ಹಿಡಿದು ಇಬ್ಬರು ಹುಡುಗರನ್ನು ಕರೆದುಕೊಂಡು ಹಾಲ್‌ಗೆ ಹೋಗಿ. ಕಿಟಕಿ, ಸ್ವಿಚ್ ಬೋರ್ಡ್, ನೋಟಿಸ್ ಬೋರ್ಡ್ ಬಿಟ್ಟು ನಿಜವಾಗಿ ಎಷ್ಟು ಗೋಡೆ ಸಿಗುತ್ತದೆ ಅಂತ ಬರೆದುಕೊಳ್ಳಿ. ನಮಗೆ ಎರಡು ಬದಿಯಲ್ಲಿ 20 ಅಡಿಯಂತೆ ಸಿಕ್ಕಿತು.

ಈಗ ಲೆಕ್ಕ. 20 ಅಡಿ ಅಂದರೆ 240 ಇಂಚು. ಪ್ರಿಂಟ್ 18 ಇಂಚು ಅಗಲ, ಎರಡು ಫೋಟೊಗಳ ನಡುವೆ 12 ಇಂಚು ಖಾಲಿ. ಏಳು ಫೋಟೊ ಇಟ್ಟರೆ 126 ಇಂಚು ಫೋಟೊಗೆ, 72 ಇಂಚು ಸಂದಿಗೆ, ಒಟ್ಟು 198. ಉಳಿದ 42 ಇಂಚನ್ನು ಎರಡು ತುದಿಗೆ ಹಂಚಿದರೆ 21, 21. ಅಷ್ಟೇ. ಎಂಟನೆಯದನ್ನು ತುರುಕಬೇಡಿ, ತುದಿಗೆ ಆರಾರು ಇಂಚು ಮಾತ್ರ ಉಳಿಯುತ್ತದೆ. ಸಂದಿಯನ್ನೂ ಕುಗ್ಗಿಸಬೇಡಿ. ಸಂದಿ ಕಡಿಮೆಯಾದರೆ ನೋಡುವವರು ಒಂದು ಫೋಟೊ ನೋಡುವಾಗ ಪಕ್ಕದ್ದು ಕಣ್ಣಿಗೆ ಚುಚ್ಚುತ್ತದೆ.

ಎರಡು ಗೋಡೆಗೆ 14 ಆಯಿತು. ಶಾಮಿಯಾನದವರಿಂದ ಎಂಟು ಅಡಿ ಉದ್ದದ ನಾಲ್ಕು ಪ್ಯಾನೆಲ್ ಬಾಡಿಗೆಗೆ ತಂದೆವು. ಒಂದು ಮುಖಕ್ಕೆ ಮೂರು, ಎರಡು ಮುಖ ಸೇರಿ ಆರು, ನಾಲ್ಕು ಪ್ಯಾನೆಲ್‌ಗೆ 24. ಒಟ್ಟು 38 ಜಾಗ. ಶೀರ್ಷಿಕೆ ಫಲಕಕ್ಕೆ ಒಂದು, ಪರಿಚಯದ ಬರಹಕ್ಕೆ ಒಂದು. ಉಳಿದಿದ್ದು 36.

ಈ 36 ಅನ್ನುವ ಅಂಕಿ ನಮ್ಮನ್ನು ಆಮೇಲೆ ಎಷ್ಟು ಜಗಳದಿಂದ ಕಾಪಾಡಿತು ಅಂದರೆ, ಹೇಳತೀರದು. "ಸಾರ್, ನಂದೂ ಒಂದು ಹಾಕಿ ಸಾರ್" ಅಂತ ಬಂದವರಿಗೆ ನಾನು ಬೇಡ ಅನ್ನಬೇಕಾಗಲಿಲ್ಲ. ಗೋಡೆ ತೋರಿಸಿದೆ.

ದಿನಾಂಕವನ್ನೂ ಈಗಲೇ ಗಟ್ಟಿ ಮಾಡಿ. ಆಗಸ್ಟ್ 19 ವಿಶ್ವ ಛಾಯಾಗ್ರಹಣ ದಿನ. 1839ರಲ್ಲಿ ಅದೇ ದಿನ ಫ್ರಾನ್ಸ್ ಸರ್ಕಾರ ಡಗೇರೊಟೈಪ್ ಅನ್ನುವ, ಫೋಟೊ ತೆಗೆಯುವ ಆರಂಭದ ವಿಧಾನವನ್ನು ಜಗತ್ತಿಗೆಲ್ಲ ಬಿಟ್ಟುಕೊಟ್ಟಿತು. ಹೇಳಿಕೊಳ್ಳಲು ಚೆನ್ನಾಗಿದೆ, ಆದರೆ ಆ ಹೊತ್ತಿಗೆ ನಮ್ಮಲ್ಲಿ ಗಾಳಿಯೂ ಇರುತ್ತದೆ, ಮಳೆಯೂ ಇರುತ್ತದೆ. ಆಗಸ್ಟ್‌ನಲ್ಲೇ ಮಾಡುವುದಾದರೆ ಎಲ್ಲವೂ ಬಾಗಿಲು ಹಾಕಿಕೊಳ್ಳುವ ಕೋಣೆಯೊಳಗೆ ಇರಲಿ. ಇಂಟರ್ನಲ್ ಪರೀಕ್ಷೆಯ ವಾರ, ಗಣೇಶ ಹಬ್ಬದ ವಾರ ಬಿಟ್ಟುಬಿಡಿ.

2. ವಿಷಯ ಕೊಡಿ, ಅದರಲ್ಲಿ ಒಂದು "ಬೇಡ" ಇರಲಿ

ಮೊದಲ ವರ್ಷದ ವಿಷಯ "ನನ್ನ ಕಣ್ಣಲ್ಲಿ ಚಿತ್ರದುರ್ಗ". ಬಂದಿದ್ದೇನು? ಕೋಟೆ. ಬೆಳಿಗ್ಗೆ ಕೋಟೆ, ಸಂಜೆ ಕೋಟೆ, ಮೋಡದ ಕೆಳಗೆ ಕೋಟೆ, ಓಬವ್ವನ ಕಿಂಡಿಯಲ್ಲಿ ತಲೆ ತೂರಿಸಿದ ಗೆಳೆಯ. ತಪ್ಪು ಹುಡುಗರದ್ದಲ್ಲ. ಏಳು ಸುತ್ತಿನ ಕೋಟೆಯನ್ನು ಎದುರಿಗೆ ಇಟ್ಟುಕೊಂಡು ಬೇರೆ ಕಡೆ ನೋಡು ಅಂತ ಯಾರೂ ಹೇಳಿರಲಿಲ್ಲ.

ಎರಡನೇ ವರ್ಷ ವಿಷಯವನ್ನೇ "ಕೋಟೆ ಬಿಟ್ಟು ದುರ್ಗ" ಅಂತ ಇಟ್ಟೆವು. ಮೊದಲ ವಾರ ಎಲ್ಲರೂ ಗೊಣಗಿದರು. ಆಮೇಲೆ ಫೋಟೊಗಳು ಬರತೊಡಗಿದವು. ಚಳ್ಳಕೆರೆಯ ಕಂಬಳಿ ನೇಯುವವರ ಕೈ. ಮೊಳಕಾಲ್ಮುರಿನ ರೇಷ್ಮೆ ಮಗ್ಗದ ಕೆಳಗೆ ಮಲಗಿದ ಮಗು. ಹೆದ್ದಾರಿಯಲ್ಲಿ ಉದ್ದನೆ ಲಾರಿ ಮೇಲೆ ಹೋಗುತ್ತಿದ್ದ ಗಾಳಿಯಂತ್ರದ ಒಂದೇ ಒಂದು ರೆಕ್ಕೆ, ಅದರ ಹಿಂದೆ ದಾರಿ ಸಿಗದೆ ನಿಂತ ಬಸ್ಸು. ಹಿರಿಯೂರಿನ ಹುಡುಗಿಯೊಬ್ಬಳು 2022ರಲ್ಲಿ ತೆಗೆದಿದ್ದ ಫೋಟೊ ತಂದಳು. 1933ರ ನಂತರ ವಾಣಿವಿಲಾಸ ಸಾಗರ ಜಲಾಶಯ ಮೊದಲ ಸಲ ಕೋಡಿ ಬಿದ್ದ ವರ್ಷ ಅದು. ಫೋಟೊದಲ್ಲಿ ನೀರೇ ಇಲ್ಲ. ಕೋಡಿ ನೋಡಲು ಬಂದವರು ಕಳಚಿಟ್ಟ ಚಪ್ಪಲಿಗಳ ಸಾಲು ಮಾತ್ರ.

ದಾವಣಗೆರೆಯವರಾದರೆ ನಿಮ್ಮಲ್ಲಿ ಬೆಣ್ಣೆದೋಸೆ ಕಾವಲಿಯ ಫೋಟೊಗಳೇ ಅರ್ಧ ಬರುತ್ತವೆ, ಬೇಕಾದರೆ ನೋಡಿ. ಮೊದಲೇ ಅದಕ್ಕೊಂದು ಬೇಲಿ ಹಾಕಿ.

3. ಫೋಟೊ ಕೇಳುವ ರೀತಿ

ವಾಟ್ಸಾಪ್‌ನಲ್ಲಿ ಫೋಟೊ ತೆಗೆದುಕೊಳ್ಳಬೇಡಿ. ಅದು ಫೋಟೊವನ್ನು ಕುಗ್ಗಿಸುತ್ತದೆ. ಮೊದಲ ವರ್ಷ ಬಂದವನ್ನು ಪರೀಕ್ಷಿಸಿದಾಗ ಉದ್ದದ ಬದಿ 1600 ಪಿಕ್ಸೆಲ್ ಆಸುಪಾಸು ಇತ್ತು. ಅದನ್ನು 18 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 90 ಚುಕ್ಕಿಯೂ ಸಿಗುವುದಿಲ್ಲ. ಮುಖವೆಲ್ಲ ಮಸುಕು. ಗೂಗಲ್ ಫಾರ್ಮ್ ಮಾಡಿ ಡ್ರೈವ್‌ಗೆ ಹಾಕಿಸಿ. ಅದು ಬಾರದವರಿಗೆ ಮೂಲ ಫೈಲನ್ನು ವಾಟ್ಸಾಪ್‌ನಲ್ಲೇ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಆಗ ಕುಗ್ಗುವುದಿಲ್ಲ.

ಒಬ್ಬರಿಗೆ ನಾಲ್ಕೇ ಫೋಟೊ. ಹತ್ತು ಕೊಟ್ಟರೆ ಅವರು ಆರಿಸುವುದಿಲ್ಲ, ಆರಿಸುವ ಕೆಲಸ ನಿಮ್ಮ ತಲೆ ಮೇಲೆ ಬರುತ್ತದೆ. ಫೈಲಿನ ಹೆಸರು ರಿಜಿಸ್ಟರ್ ನಂಬರ್ ಮತ್ತು 1, 2, 3, 4 ಎಂದಿರಲಿ. ಇಲ್ಲದಿದ್ದರೆ ನಲವತ್ತು ಜನ ಹೆಸರು ಬದಲಿಸದೆ ಕ್ಯಾಮೆರಾ ಕೊಟ್ಟ ನಂಬರಿನಲ್ಲೇ ಕಳಿಸುತ್ತಾರೆ.

ಮೂಲ ಫೈಲ್ ಕೇಳುವುದಕ್ಕೆ ಇನ್ನೊಂದು ಕಾರಣವಿದೆ. ಫೋಟೊ ತೆಗೆದ ದಿನ, ಕ್ಯಾಮೆರಾ ಯಾವುದು ಅನ್ನುವ ವಿವರ ಅದರೊಳಗೇ ಇರುತ್ತದೆ. ನಮಗೆ ಬಂದಿದ್ದ ಒಂದು ಅದ್ಭುತವಾದ ಕುರಿಮಂದೆಯ ಫೋಟೊವನ್ನು ಇಂಟರ್ನೆಟ್‌ನಲ್ಲಿ ಹುಡುಕಿದರೆ ಬೇರೆ ದೇಶದ್ದು. ಈಗಂತೂ ಎಐನಲ್ಲಿ ಮಾಡಿಸಿದ ಚಿತ್ರವನ್ನೂ ಕಳಿಸುತ್ತಾರೆ. ಅನುಮಾನ ಬಂದರೆ ಎಲ್ಲರೆದುರು ಕೇಳಬೇಡಿ. ಪಕ್ಕಕ್ಕೆ ಕರೆದು, "ಇದರ ಹಿಂದೆ ಮುಂದೆ ತೆಗೆದ ಇನ್ನೆರಡು ತೋರಿಸಪ್ಪ" ಅನ್ನಿ. ಸ್ವಂತ ತೆಗೆದವನ ಮೊಬೈಲ್‌ನಲ್ಲಿ ಅದೇ ಜಾಗದ ಹತ್ತು ಇದ್ದೇ ಇರುತ್ತವೆ.

ಫಾರ್ಮ್‌ನಲ್ಲಿ ಒಂದು ಸಾಲು ಸೇರಿಸಿ: ಫೋಟೊದ ಹಕ್ಕು ತೆಗೆದವರದ್ದೇ, ಕಾಲೇಜು ಇದನ್ನು ಈ ಪ್ರದರ್ಶನಕ್ಕೆ ಮತ್ತು ಅದರ ಪೋಸ್ಟರ್‌ಗೆ ಮಾತ್ರ ಬಳಸುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆ ಫೋಟೊ ತೆಗೆದವರನ್ನೇ ಅದರ ಕರ್ತೃ ಅನ್ನುತ್ತದೆ. ಹುಡುಗರಿಗೆ ಇದು ಗೊತ್ತಿರಲಿ. ನಾಳೆ ಮದುವೆ ಸ್ಟುಡಿಯೊ ಸೇರುವವರೂ ಇರುತ್ತಾರೆ.

4. ಫೋಟೊದಲ್ಲಿ ಇರುವವರನ್ನು ಕೇಳಿ

ಮುಖ ಗುರುತು ಸಿಗುವಂತಿದ್ದರೆ ಅವರ ಒಪ್ಪಿಗೆ ತನ್ನಿ ಅಂದೆವು. ಕಾನೂನಿನ ಭಾಷೆಯ ಅರ್ಜಿ ಬೇಡ. ಮೂರು ಸಾಲಿನ ಕನ್ನಡ ಚೀಟಿ ಸಾಕು. ಓದಲು ಬಾರದವರಿಗೆ ಮೊಬೈಲ್‌ನಲ್ಲಿ ಫೋಟೊ ತೋರಿಸಿ, "ಅಮ್ಮಾ, ಇದನ್ನ ನಮ್ಮ ಕಾಲೇಜಲ್ಲಿ ದೊಡ್ಡದಾಗಿ ಹಾಕ್ತೀವಿ, ಆಗಬಹುದಾ?" ಅಂತ ಕೇಳಿಸಿ. ಮಕ್ಕಳಾದರೆ ಅಪ್ಪ ಅಮ್ಮನನ್ನು ಕೇಳಬೇಕು. ಆಸ್ಪತ್ರೆ, ಸಾವಿನ ಮನೆ, ಕೆರೆ ದಂಡೆಯಲ್ಲಿ ಸ್ನಾನ ಮಾಡುವವರು, ಇಂಥವನ್ನು ಎಷ್ಟೇ ಚೆನ್ನಾಗಿದ್ದರೂ ತೆಗೆದುಕೊಳ್ಳಲಿಲ್ಲ.

ಇಬ್ಬರು ಬೇಡ ಅಂದರು. ಅವು ಹೋದವು. ಒಬ್ಬ ಹೂ ಮಾರುವ ಅಜ್ಜಿ ಮಾತ್ರ, "ಇದರಲ್ಲಿ ನನ್ನ ಸೆರಗು ಸರಿಯಿಲ್ಲ, ಇನ್ನೊಂದು ಹೊಡಿ" ಅಂದರಂತೆ. ಎರಡನೆಯದೇ ಚೆನ್ನಾಗಿ ಬಂದಿತ್ತು.

ಕೋಟೆ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. ನಿಮ್ಮ ವಿಷಯದಲ್ಲಿ ಅದು ಇದ್ದರೆ ಟ್ರೈಪಾಡ್, ಡ್ರೋನ್ ಹೊತ್ತುಕೊಂಡು ಹೋಗುವ ಮೊದಲು ಅನುಮತಿ ಕೇಳಿ.

5. ಆಯ್ಕೆ: ಪರದೆ ಬೇಡ, ಟೇಬಲ್ ಬೇಕು

ಪ್ರೊಜೆಕ್ಟರ್‌ನಲ್ಲಿ ಒಂದೊಂದಾಗಿ ತೋರಿಸಿ ಕೈ ಎತ್ತಿಸಬೇಡಿ. ಮೊದಲ ವರ್ಷ ಹಾಗೆ ಮಾಡಿ, ಗೆಳೆಯರು ಜಾಸ್ತಿ ಇದ್ದವರೆಲ್ಲ ಗೆದ್ದರು. ಬದಲಿಗೆ 4×6 ಇಂಚಿನ ಅಗ್ಗದ ಪ್ರಿಂಟ್ ಹಾಕಿಸಿ, ಹಿಂದೆ ನಂಬರ್ ಬರೆದು, ನಾಲ್ಕು ಟೇಬಲ್ ಜೋಡಿಸಿ ಹರವಿ. ಮೂವರು ಆರಿಸಲಿ. ಅದರಲ್ಲಿ ಒಬ್ಬರು ಕಾಲೇಜಿನ ಹೊರಗಿನವರು. ನಾವು ಊರಿನ ಸ್ಟುಡಿಯೊ ಒಂದರ ಹಿರಿಯರನ್ನು ಕರೆದೆವು. ಅವರು ಕಪ್ಪು ಬಿಳುಪು ಕಾಲದವರು. ಒಂದು ಪ್ರಿಂಟ್ ಎತ್ತಿ, ತಲೆಕೆಳಗು ಮಾಡಿ ನೋಡಿ, ಇಡುತ್ತಿದ್ದರು. ಯಾಕೆ ಸಾರ್ ಅಂದಿದ್ದಕ್ಕೆ, ಹಾಗೆ ನೋಡಿದರೆ ಯಾರು, ಏನು ಅನ್ನೋದು ಮರೆತು ಬೆಳಕು ಎಲ್ಲಿದೆ ಅಂತ ಕಾಣುತ್ತೆ ಅಂದರು. ನಾನೂ ಮಾಡಿ ನೋಡಿದೆ. ನಿಜ.

ಮೊದಲ ಸುತ್ತಿನಲ್ಲಿ ಬೇಡದ್ದನ್ನು ತೆಗೆಯಿರಿ. ಎರಡನೆಯದರಲ್ಲಿ ಒಂದೇ ತರಹದ ಎರಡಿದ್ದರೆ ಒಂದನ್ನು ತೆಗೆಯಿರಿ. ಮೂರನೆಯದು ಕಷ್ಟದ್ದು. ಪಕ್ಕಪಕ್ಕ ಇಟ್ಟರೆ ಯಾವುದು ಯಾವುದರ ಜೊತೆ ಮಾತಾಡುತ್ತದೆ ಅಂತ ನೋಡುತ್ತಾ 36ಕ್ಕೆ ಇಳಿಸಬೇಕು. ಇದಕ್ಕೆ ಒಂದು ಇಡೀ ಮಧ್ಯಾಹ್ನ ಹೋಯಿತು. ಹೋಗಲಿ.

ಎಲ್ಲರಿಗೂ ಒಂದೊಂದು ಅನ್ನುವ ಪಾಲು ಲೆಕ್ಕ ನನಗೆ ಒಪ್ಪಿಗೆ ಇಲ್ಲ. ಒಬ್ಬಳದು ಮೂರು ಬಂದಿತು, ಹಲವರದು ಒಂದೂ ಬರಲಿಲ್ಲ. ಬಾರದವರ ಫೋಟೊಗಳನ್ನು ಬಾಗಿಲ ಬಳಿ ಟಿವಿಯಲ್ಲಿ ಓಡಿಸಿದೆವು. ಜೊತೆಗೆ, ಬರಲಿಲ್ಲ ಯಾಕೆ ಅಂತ ಕೇಳಿದವರಿಗೆಲ್ಲ ಕೂತು ಕಾರಣ ಹೇಳಿದೆವು. ಪಟ್ಟಿ ಮಾತ್ರ ಅಂಟಿಸಿ ಓಡಿಹೋಗಬೇಡಿ.

6. ಪ್ರಿಂಟ್

ದುಡ್ಡು ಹೆಚ್ಚು ಹೋಗುವುದೂ, ತಪ್ಪು ಹೆಚ್ಚು ಆಗುವುದೂ ಇಲ್ಲೇ.

ಅಳತೆ ಮೊದಲು. 12×18 ಇಂಚಿಗೆ ಇಂಚಿಗೆ 300 ಚುಕ್ಕಿಯಂತೆ 3600×5400 ಪಿಕ್ಸೆಲ್ ಬೇಕು. ಎಲ್ಲರ ಮೊಬೈಲ್‌ನಲ್ಲೂ ಅಷ್ಟು ಇರುವುದಿಲ್ಲ. ಗೋಡೆಯ ಮೇಲಿನ ಫೋಟೊವನ್ನು ಜನ ಮೂರು ನಾಲ್ಕು ಅಡಿ ದೂರದಿಂದ ನೋಡುತ್ತಾರೆ, ಹಾಗಾಗಿ 200 ಚುಕ್ಕಿ ಸಾಕು. ಅಂದರೆ 2400×3600. ಅದಕ್ಕಿಂತ ಕಡಿಮೆ ಇದ್ದರೆ ಪ್ರಿಂಟ್ ಸಣ್ಣದು ಮಾಡಿ, ಹಿಗ್ಗಿಸಬೇಡಿ.

ಆಮೇಲೆ ಆಕಾರ. ಕ್ಯಾಮೆರಾದ ಫೋಟೊ ಸಾಮಾನ್ಯವಾಗಿ 3:2, ಮೊಬೈಲ್‌ನದು 4:3. 12×18 ಕಾಗದ 3:2. ಮೊಬೈಲ್ ಫೋಟೊವನ್ನು ಅದಕ್ಕೆ ತುಂಬಿಸಿದರೆ ಎತ್ತರದಲ್ಲಿ ಒಂಬತ್ತರಲ್ಲಿ ಒಂದು ಪಾಲು ಕತ್ತರಿಸಿ ಹೋಗುತ್ತದೆ. ಲ್ಯಾಬ್‌ನವರು ಕೇಳದೇ ಕತ್ತರಿಸುತ್ತಾರೆ, ಅದು ಅವರ ದಿನದ ಅಭ್ಯಾಸ. ಮೊದಲ ವರ್ಷ ಒಬ್ಬ ಕುರಿಗಾಹಿಯ ಪೇಟವೇ ಹೋಯಿತು. ತೆಗೆದ ಹುಡುಗ ಅಳುವುದೊಂದು ಬಾಕಿ. ಈಗ ನಾವೇ 12×18ರ ಬಿಳಿ ಹಾಳೆಯ ಮೇಲೆ ಪೂರ್ತಿ ಫೋಟೊ ಕೂರಿಸಿ, ಸುತ್ತ ಬಿಳಿ ಅಂಚು ಬಿಟ್ಟು ಫೈಲ್ ಕೊಡುತ್ತೇವೆ. "ಕತ್ತರಿಸಬೇಡಿ, ಬಣ್ಣ ತಿದ್ದಬೇಡಿ" ಅಂತ ಪೆನ್ ಡ್ರೈವ್‌ಗೆ ಒಂದು ಚೀಟಿಯನ್ನೂ ಅಂಟಿಸುತ್ತೇವೆ.

ಕತ್ತಲಾಗುವ ಸಮಸ್ಯೆ ಎಲ್ಲರಿಗೂ ಬರುತ್ತದೆ. ಪರದೆಗೆ ಹಿಂದಿನಿಂದ ಬೆಳಕಿದೆ, ಕಾಗದಕ್ಕೆ ಇಲ್ಲ. ಮೊಬೈಲ್‌ನ ಬೆಳಕನ್ನು ಪೂರ್ತಿ ಏರಿಸಿಕೊಂಡು ಫೋಟೊ ತಿದ್ದಿದರೆ ಪ್ರಿಂಟ್ ಕಾಡಿಗೆ ಬಳಿದಂತೆ ಬರುತ್ತದೆ. ಬೆಳಕನ್ನು ಅರ್ಧಕ್ಕೆ ಇಳಿಸಿಕೊಂಡು ತಿದ್ದಿ. ಫೈಲಿನ ಬಣ್ಣದ ಪ್ರೊಫೈಲ್ ಎಸ್‌ಆರ್‌ಜಿಬಿ (ಹೆಚ್ಚಿನ ಪರದೆ, ಲ್ಯಾಬ್‌ಗಳು ಬಳಸುವ ಸಾಮಾನ್ಯ ಬಣ್ಣದ ಮಾನಕ) ಇರಲಿ. ಎಲ್ಲಕ್ಕಿಂತ ಮುಖ್ಯ, ಒಂದೇ 12×18 ಹಾಳೆಯಲ್ಲಿ ಆರು ಫೋಟೊಗಳ ತುಣುಕು ಹಾಕಿ ಒಂದು ಪರೀಕ್ಷಾ ಪ್ರಿಂಟ್ ತೆಗೆಸಿ. ಅದನ್ನು ಲ್ಯಾಬ್‌ನ ಬೆಳಕಿನಲ್ಲಿ ನೋಡಿ ಒಪ್ಪಬೇಡಿ. ಹಾಲ್‌ಗೆ ತಂದು ನೇತುಹಾಕುವ ಗೋಡೆಯ ಮೇಲೇ ಹಿಡಿದು ನೋಡಿ.

ನಾವು ಪ್ರಿಂಟ್ ಹಾಕಿಸಲು 60 ಕಿಲೋಮೀಟರ್ ದೂರದ ದಾವಣಗೆರೆಗೆ ಹೋದೆವು. ಪರೀಕ್ಷಾ ಪ್ರಿಂಟ್‌ಗೆ ಒಂದು ಸಲ, ಪೂರ್ತಿ ಪ್ರಿಂಟ್‌ಗೆ ಇನ್ನೊಂದು ಸಲ. ಎರಡು ಸಲ ಬಸ್ ಚಾರ್ಜು ಯಾಕೆ ಅಂತ ಲೆಕ್ಕಪತ್ರದವರು ಕೇಳಿದರು. 36 ಪ್ರಿಂಟ್ ಎರಡು ಸಲ ಹಾಕಿಸುವುದಕ್ಕಿಂತ ಅಗ್ಗ ಅಲ್ವಾ ಅಂದೆ. ದೋಸೆ ಬಿಲ್ಲು ನಾನೇ ಕೊಟ್ಟೆ.

ಕಾಗದ ಮ್ಯಾಟ್ ಇರಲಿ. ಹೊಳಪಿನ ಕಾಗದದಲ್ಲಿ ಟ್ಯೂಬ್‌ಲೈಟ್ ಕಾಣುತ್ತದೆ, ಫೋಟೊ ಕಾಣುವುದಿಲ್ಲ. ಲ್ಯಾಮಿನೇಷನ್ ಬೇಡ, ಅದೂ ಸಾಮಾನ್ಯವಾಗಿ ಹೊಳೆಯುತ್ತದೆ. ಫ್ಲೆಕ್ಸ್ ಅಂತೂ ಬೇಡವೇ ಬೇಡ, ಹುಟ್ಟುಹಬ್ಬದ ಬ್ಯಾನರ್ ಆಗಿಬಿಡುತ್ತದೆ. ಪ್ರಿಂಟನ್ನು 5 ಮಿಲಿಮೀಟರ್ ದಪ್ಪದ ಸನ್‌ಬೋರ್ಡ್ (ಹಗುರವಾದ ಫೋಮ್ ಹಲಗೆ) ಮೇಲೆ ಅಂಟಿಸಿ. 3 ಮಿಲಿಮೀಟರ್‌ನದು ನಮಗೆ ಎರಡು ದಿನದಲ್ಲಿ ಹಪ್ಪಳದ ಹಾಗೆ ಬಾಗಿತು.

7. ಅಡಿಬರಹ

ಹೆಸರು, ತರಗತಿ, ಊರು, ತಿಂಗಳು, ಎರಡು ಸಾಲಿನ ವಿವರ. ಲೆನ್ಸು, ಶಟರ್ ಸ್ಪೀಡ್ ಎಲ್ಲ ಬಿಟ್ಟೆವು. ಯಾರೂ ಕೇಳಲಿಲ್ಲ. ಅಕ್ಷರ 18 ಪಾಯಿಂಟ್‌ಗಿಂತ ಚಿಕ್ಕದಾದರೆ ಹಿರಿಯರು ಫೋಟೊಗೆ ಮೂಗು ತಾಗಿಸಿ ಓದಬೇಕಾಗುತ್ತದೆ.

ಕನ್ನಡ ಅಕ್ಷರ ಇನ್ನೊಂದು ಕಡೆ ಕೈಕೊಡುತ್ತದೆ. ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಗೊಂದಲದ ಅಕ್ಷರಗಳಾಗಿ ಬಿಚ್ಚಿಕೊಳ್ಳುತ್ತದೆ. ಎಲ್ಲ ಕಂಪ್ಯೂಟರಿಗೂ ಹೊಂದುವ ಯೂನಿಕೋಡ್‌ನಲ್ಲಿದ್ದರೂ ಕೆಲವು ಹಳೇ ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ನಿಲ್ಲುತ್ತದೆ. ನೀವೇ ಪಿಡಿಎಫ್ ಮಾಡಿ ಕೊಡಿ. ಪ್ರಿಂಟ್ ಹಾಕುವ ಮೊದಲು ಅಂಗಡಿಯ ಪರದೆಯಲ್ಲಿ ಒಂದೊಂದನ್ನೂ ಓದಿ.

ವಿಷಯವನ್ನೂ ಪರೀಕ್ಷಿಸಿ. ಮೊದಲ ವರ್ಷ ಒಂದು ಅಡಿಬರಹದಲ್ಲಿ ಓಬವ್ವ ಟಿಪ್ಪುವಿನ ಸೈನಿಕರನ್ನು ಹೊಡೆದಳು ಅಂತಿತ್ತು. ಹೈದರಾಲಿಯ ಸೈನಿಕರು ಅಂತಿರಬೇಕಿತ್ತು. ನಿವೃತ್ತ ಮೇಷ್ಟ್ರೊಬ್ಬರು ಹುಡುಕಿಕೊಂಡು ಬಂದು, "ದುರ್ಗದ ಕಾಲೇಜಲ್ಲೇ ಹೀಗೆ ಬರೆದರೆ ಹೆಂಗ್ರೀ?" ಅಂದರು. ಸಾಲದ್ದಕ್ಕೆ ಅವಳ ಹೆಸರನ್ನು ಮೂರು ಫೋಟೊದಲ್ಲಿ ಮೂರು ತರಹ ಬರೆದಿದ್ದೆವು. ಎರಡನೇ ವರ್ಷ ಅದೇ ಮೇಷ್ಟ್ರಿಗೆ ಮೊದಲೇ ಎಲ್ಲವನ್ನೂ ಕೊಟ್ಟು ತಿದ್ದಿಸಿಕೊಂಡೆವು. ಹನ್ನೊಂದು ತಪ್ಪು ಸಿಕ್ಕವು.

8. ನೇತುಹಾಕುವ ದಿನ

ಪೂರ್ತಿ ಒಂದು ದಿನ ಇಡಿ, ಸಂಜೆ ಅಲ್ಲ.

ಮೊದಲು ಎಲ್ಲ ಫೋಟೊಗಳನ್ನೂ ಗೋಡೆಯ ಬುಡದಲ್ಲಿ ನೆಲದ ಮೇಲೆ ಇಟ್ಟು ಕ್ರಮ ನೋಡಿ. ಬಾಗಿಲಿಂದ ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗಕ್ಕೆ ಗಟ್ಟಿಯಾದ ಒಂದು. ನಮ್ಮಲ್ಲಿ ಅದು ಗಾಳಿಯಂತ್ರದ ರೆಕ್ಕೆ.

ಎತ್ತರದ ಲೆಕ್ಕ ಹೀಗೆ. ಫೋಟೊದ ಮಧ್ಯಭಾಗ ಕಣ್ಣಿನ ಮಟ್ಟಕ್ಕೆ ಬರಬೇಕು. ಮ್ಯೂಸಿಯಂಗಳಲ್ಲಿ ಸಾಮಾನ್ಯವಾಗಿ 57ರಿಂದ 60 ಇಂಚು ಇಡುತ್ತಾರೆ. ನಾವು 58 ಹಿಡಿದೆವು. ಫೋಟೊ 12 ಇಂಚು ಎತ್ತರ, ಅರ್ಧ 6. ಹಿಂದಿನ ದಾರ ಎಳೆದಾಗ ಮೇಲಂಚಿನಿಂದ 2 ಇಂಚು ಕೆಳಗೆ ನಿಲ್ಲುತ್ತದೆ. 58 ಕೂಡಿಸು 6 ಕಳೆ 2, ಅಂದರೆ 62 ಇಂಚಿಗೆ ಮೊಳೆ. ನಿಂತ ಫೋಟೊ ಆದರೆ ಎತ್ತರ 18, ಅರ್ಧ 9, ಮೊಳೆ 65ಕ್ಕೆ. ಹೀಗೆ ಮಾಡಿದರೆ ಅಡ್ಡ ಫೋಟೊ, ಉದ್ದ ಫೋಟೊ ಎರಡರ ನಡುಗೆರೆಯೂ ಒಂದೇ ಸಾಲಿಗೆ ಬರುತ್ತದೆ. ಹೈಸ್ಕೂಲ್ ಮಕ್ಕಳು ಜಾಸ್ತಿ ಬರುವುದಾದರೆ ಮೂರು ನಾಲ್ಕು ಇಂಚು ಇಳಿಸಿ.

ನೆಲದಿಂದ ಅಳೆದರೆ ಮೋಸ ಹೋಗುತ್ತೀರಿ. ಹಳೇ ಹಾಲ್‌ಗಳ ನೆಲ ನೀರು ಹೋಗಲೆಂದು ಒಂದು ಕಡೆ ಇಳಿಜಾರಿರುತ್ತದೆ. ನಮ್ಮ ಕಟ್ಟಡದ ಗಾರೆ ಮೇಸ್ತ್ರಿ ನೀರು ತುಂಬಿದ ಪೈಪು ತಂದು ಎರಡು ತುದಿಗೆ ಗುರುತು ಹಾಕಿಕೊಟ್ಟರು. ನಡುವೆ ದಾರ ಎಳೆದೆವು. ಹತ್ತು ನಿಮಿಷದ ಕೆಲಸ.

ಡಬಲ್ ಟೇಪ್ ನಂಬಬೇಡಿ. ಡಿಸ್ಟೆಂಪರ್ ಗೋಡೆಯಲ್ಲಿ ಅದು ಬಣ್ಣದ ಸಮೇತ ಕಿತ್ತು ಬರುತ್ತದೆ, ಮಳೆಗಾಲದಲ್ಲಿ ರಾತ್ರಿ ಧೊಪ್ ಅಂತ ಬೀಳುತ್ತದೆ. ಸಣ್ಣ ಮೊಳೆ, ಮೀನು ಹಿಡಿಯುವ ನೈಲಾನ್ ದಾರ ಸಾಕು. ಮೊಳೆ ಹೊಡೆಯಲು ಬಿಡುವುದಿಲ್ಲ ಅಂದರೆ ಮೇಲೆ ಒಂದು ಮರದ ಪಟ್ಟಿ ಕಟ್ಟಿ ಅದರಿಂದ ದಾರ ಇಳಿಬಿಡಿ. ಪ್ಯಾನೆಲ್‌ಗಳನ್ನು ನೇರ ಸಾಲಿನಲ್ಲಿ ನಿಲ್ಲಿಸಬೇಡಿ. ಹಾವಿನ ನಡಿಗೆಯ ಹಾಗೆ ಅಂಕುಡೊಂಕಾಗಿ ನಿಲ್ಲಿಸಿ, ಅಂಚಿಗೆ ಅಂಚು ಕಟ್ಟಿ, ಕಾಲಿಗೆ ಮರಳು ಚೀಲ ಇಡಿ.

ಬೆಳಕು ಮೇಲಿನಿಂದ ಸುಮಾರು 30 ಡಿಗ್ರಿ ಓರೆಯಾಗಿ ಬಿದ್ದರೆ ಪ್ರತಿಫಲನ ಕಣ್ಣಿಗೆ ಬರುವುದಿಲ್ಲ, ಫೋಟೊದ ಮೇಲೆ ನೆರಳೂ ಬೀಳುವುದಿಲ್ಲ. ಕಿಟಕಿ ಎದುರಿನ ಗೋಡೆ ಹೊಳೆಯುತ್ತಿದ್ದರೆ ಕಿಟಕಿಗೆ ಬಿಳಿ ಪಂಚೆ ಕಟ್ಟಿ. ಜನರೇಟರ್ ಇದೆಯಾ, ಅದರಲ್ಲಿ ಡೀಸೆಲ್ ಇದೆಯಾ, ಎರಡೂ ಬೇರೆ ಬೇರೆ ಪ್ರಶ್ನೆ. ನಮ್ಮ ಮೊದಲ ಉದ್ಘಾಟನೆ ಮೊಬೈಲ್ ಟಾರ್ಚ್‌ನಲ್ಲಿ ಆಯಿತು.

9. ಜನ ಬಂದಾಗ

ಉದ್ಘಾಟನೆ ಇಪ್ಪತ್ತು ನಿಮಿಷ. ಹಾರ, ಶಾಲು, ಭಾಷಣ ಎಲ್ಲ ಬೇರೆ ಕೋಣೆಯಲ್ಲಿ ಮುಗಿಸಿ. ದೀಪ ಹಚ್ಚುವುದಾದರೆ ಪ್ರಿಂಟ್‌ಗಳಿಂದ ದೂರ. ತಿಂಡಿಯೂ ಹೊರಗೆ. ಮಂಡಕ್ಕಿ ಮಿರ್ಚಿ ತಿಂದ ಕೈ ಮ್ಯಾಟ್ ಕಾಗದಕ್ಕೆ ತಾಗಿದರೆ ಆ ಎಣ್ಣೆ ಕಲೆ ಹೋಗುವುದಿಲ್ಲ. ಇದನ್ನು ನಾನು ಸ್ವಂತ ಕೈಯಿಂದ ಕಲಿತೆ.

ಫೋಟೊದಲ್ಲಿದ್ದವರನ್ನು ಕರೆಯಿರಿ. ಕಂಬಳಿ ನೇಯುವವರು ಚಳ್ಳಕೆರೆಯಿಂದ ಬಂದರು. ಹೂವಿನ ಅಜ್ಜಿ ಮೊಮ್ಮಗಳ ಜೊತೆ ಬಂದು, ಫೋಟೊ ನೋಡಿ, ಬುಟ್ಟಿಯಿಂದ ಒಂದು ಮೊಳ ಹೂ ತೆಗೆದು ಫೋಟೊ ತೆಗೆದವಳ ತಲೆಗೆ ಮುಡಿಸಿ ಹೋದರು. ಮುಖ್ಯ ಅತಿಥಿ ಅಷ್ಟು ಹೊತ್ತಿಗೆ ಕಾರು ಹತ್ತಿದ್ದರು.

ವಿದ್ಯಾರ್ಥಿಗಳು ತಲಾ ಒಂದು ಗಂಟೆ ತಮ್ಮ ಫೋಟೊ ಬಳಿ ನಿಲ್ಲುವಂತೆ ಪಾಳಿ ಹಾಕಿ. ಅಭಿಪ್ರಾಯದ ಪುಸ್ತಕ ಸುಮ್ನೆ ಇಟ್ಟರೆ ನೂರು ಸಲ "ತುಂಬಾ ಚೆನ್ನಾಗಿದೆ" ಬರುತ್ತದೆ. ನಾವು ಪುಟದ ಮೇಲೆ ಒಂದು ಪ್ರಶ್ನೆ ಬರೆದೆವು: ಯಾವ ಫೋಟೊ ಮುಂದೆ ಜಾಸ್ತಿ ಹೊತ್ತು ನಿಂತಿರಿ, ಯಾಕೆ? ಚಪ್ಪಲಿ ಸಾಲಿನ ಫೋಟೊದ ಬಗ್ಗೆ ಒಬ್ಬರು ಎರಡು ಪುಟ ಬರೆದಿದ್ದರು, ಅವರೂ ಅವತ್ತು ಅಲ್ಲಿಗೆ ಹೋಗಿದ್ದರಂತೆ, ಚಪ್ಪಲಿ ಕಳೆದುಕೊಂಡು ಬಂದರಂತೆ.

10. ಇಳಿಸುವ ದಿನ

ಮುಗಿದ ಸಂಜೆ ಎಲ್ಲರೂ ಮಾಯವಾಗುತ್ತಾರೆ. ಹಾಗಾಗಿ ಇಳಿಸುವವರ ಹೆಸರನ್ನು ಮೊದಲ ವಾರದಲ್ಲೇ ಬರೆಸಿಕೊಳ್ಳಿ. ಪ್ರಿಂಟ್‌ಗಳ ಮುಖಕ್ಕೆ ಮುಖ ಇಟ್ಟು, ನಡುವೆ ಬಟರ್ ಪೇಪರ್ ಹಾಕಿ, ಹಿಂದೆ ಹೆಸರು ಬರೆದು ಕಟ್ಟಿ. ತೆಗೆದವರಿಗೆ ಅವರವರ ಪ್ರಿಂಟ್ ಕೊಡಿ. ಫೋಟೊದಲ್ಲಿ ಇದ್ದವರಿಗೂ ಒಂದು ಸಣ್ಣ ಪ್ರತಿ ಕೊಡಿ. ಮೊಳೆ ಕಿತ್ತ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹಚ್ಚಿ, ಇಲ್ಲದಿದ್ದರೆ ಮುಂದಿನ ವರ್ಷ ಹಾಲ್ ಸಿಗುವುದಿಲ್ಲ.

ಕೊನೆಯದಾಗಿ, ಗೋಡೆಯ ನಕ್ಷೆಯನ್ನು ಎಸೆಯಬೇಡಿ. ನಮ್ಮದನ್ನು ಕ್ಲಬ್‌ನ ಕಪಾಟಿನ ಬಾಗಿಲ ಒಳಗಡೆ ಅಂಟಿಸಿದ್ದೇವೆ: 240 ಇಂಚು, ಏಳು ಫೋಟೊ, 62ಕ್ಕೆ ಮೊಳೆ. ಅದರ ಕೆಳಗೆ ಯಾರೋ ಹುಡುಗರು ಪೆನ್ಸಿಲ್‌ನಲ್ಲಿ "ಸ್ವಿಚ್ ಬೋರ್ಡ್ ಈಗ ಎಡಕ್ಕೆ ಬಂದಿದೆ, ಮತ್ತೆ ಅಳೆಯಿರಿ" ಅಂತ ಬರೆದಿದ್ದಾರೆ.